ದಿನಕ್ಕೊಂದು ಕ್ಲಾಸಿಕ್ ಆಲ್ಬಮ್ ಕೇಳ್ತಿದೀನಿ, 23 ದಿನ ಆಯ್ತು, ಒಂದು ಡೌಟು

ಬೇಲೂರ್‌ಬಸ್:

ಎಲ್ರಿಗೂ ನಮಸ್ಕಾರ. ಮನೆ ಚಿಕ್ಕಮಗಳೂರು, ಕೆಲಸ ಹಾಸನ, ವಾರಕ್ಕೆ ಆರು ದಿನ ಬಸ್ಸಲ್ಲೇ ಓಡಾಟ. ಮೊದಲೆಲ್ಲ ದಾರಿ ಉದ್ದಕ್ಕೂ ರೀಲ್ಸ್ ನೋಡ್ತಿದ್ದೆ, ಕತ್ತು ನೋವು ಶುರುವಾಗಿ ಬಿಟ್ಟೆ. ಹೋದ ತಿಂಗಳು ಒಂದು ಹುಚ್ಚು ಹತ್ತಿಸ್ಕೊಂಡೆ, ದಿನಕ್ಕೊಂದು ಆಲ್ಬಮ್, ಅದೂ ಲೋಕವೆಲ್ಲ ಕ್ಲಾಸಿಕ್ ಅಂತ ಒಪ್ಕೊಂಡಿರೋದು, ಮೊದಲನೇ ಹಾಡಿಂದ ಕೊನೇ ಹಾಡಿನ ತನಕ, ಮಧ್ಯ ಸ್ಕಿಪ್ ಮಾಡಂಗಿಲ್ಲ, ಶಫಲ್ ಹಾಕಂಗಿಲ್ಲ, ಮುಗಿದ ಮೇಲೆ ಪಾಕೆಟ್ ಡೈರೀಲಿ ಎರಡು ಸಾಲು ಬರೀಬೇಕು. ಇವತ್ತಿಗೆ 23.

ಒಂದು ಮಜಾ ಏನಂದ್ರೆ ಎಲ್‌ಪಿ, ಅಂದ್ರೆ ಎರಡೂ ಕಡೆ ಹಾಡಿರೋ ದೊಡ್ಡ ತಟ್ಟೆ ರೆಕಾರ್ಡು, ಆ ಕಾಲದ ಆಲ್ಬಮ್‌ಗಳು ಬಹುತೇಕ ನಲವತ್ತು ನಲವತ್ತೈದು ನಿಮಿಷ, ಒಂದೊಂದು ಸೈಡಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಅಷ್ಟೇ ಚೆನ್ನಾಗಿ ಹಿಡಿಸ್ತಿತ್ತು. ನಮ್ಮ ಬಸ್ಸು ಚಿಕ್ಕಮಗಳೂರು ಬಿಟ್ಟು ಬೇಲೂರು ಸ್ಟ್ಯಾಂಡ್ ಸೇರೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಹಂಗಾಗಿ ಬೇಲೂರ್ ತನಕ ಕೇಳೋದು, ಅಲ್ಲಿಂದ ಹಾಸನದ ತನಕ ಸುಮ್ನೆ ಕಿಟಕಿ ನೋಡ್ಕೊಂಡು ಯೋಚನೆ ಮಾಡೋದು.

ಶುರುವಲ್ಲಿ ಸಖತ್ತಾಗಿತ್ತು. 'ಥ್ರಿಲ್ಲರ್' ಒಂಬತ್ತೇ ಹಾಡು, ಅದರಲ್ಲಿ ಅರ್ಧ ಮೊದಲೇ ಗೊತ್ತಿತ್ತು, ಗಣಪತಿ ಪೆಂಡಾಲಿನ ಡ್ಯಾನ್ಸ್ ಪ್ರೋಗ್ರಾಂ ಕೃಪೆ. ನಾಲ್ಕನೇ ದಿನ ಪಿಂಕ್ ಫ್ಲಾಯ್ಡ್ ಅವರ 'ಡಾರ್ಕ್ ಸೈಡ್ ಆಫ್ ದ ಮೂನ್', 1973ದು. ಮೊದಲನೇ ಸೈಡಿನ ಕೊನೇಲಿ ಒಬ್ಬಾಕೆ ಹಾಡ್ತಾಳೆ, ಹಾಡೋದು ಅಂದ್ರೆ ಒಂದೇ ಒಂದು ಪದ ಇಲ್ಲ, ಬರೀ ಗಂಟಲು, ಆಲಾಪ ಅನ್ನೋಣ ಅಂದ್ರೆ ಆಲಾಪ ಅಲ್ಲ, ಅಳು ಅನ್ನೋಣ ಅಂದ್ರೆ ಅಳು ಅಲ್ಲ. ಪಕ್ಕದ ಸೀಟಲ್ಲಿ ಒಬ್ಬರು ಅಜ್ಜ ಹಿಂಗಾರದ ಚೀಲ ತೊಡೆ ಮೇಲಿಟ್ಕೊಂಡು ನಿದ್ದೆ ಮಾಡ್ತಿದ್ರು, ನಂಗೆ ಕಣ್ಣಲ್ಲಿ ನೀರು. ಆಮೇಲೆ ಓದಿದ್ರೆ ಆಕೆ ಹೆಸರು ಕ್ಲೇರ್ ಟೋರಿ, ಸೆಷನ್ ಸಿಂಗರ್, ಅಂದ್ರೆ ದುಡ್ಡು ಕೊಟ್ಟು ಕರೆಸಿ ಹಾಡಿಸೋರು, ಆ ಹಾಡಿಗೆ ಕೊಟ್ಟಿದ್ದು ಬರೀ 30 ಪೌಂಡು, 2004ರಲ್ಲಿ ಕೋರ್ಟಿಗೆ ಹೋದ ಮೇಲೇನೇ ಹಾಡು ಕಟ್ಟಿದವರ ಸಾಲಲ್ಲಿ ಆಕೆ ಹೆಸರು ಸೇರಿದ್ದು. ಆಲ್ಬಮ್ಮಿನ ಕೊನೇಲಿ ಎದೆ ಬಡಿತದ ಸದ್ದು ಸಣ್ಣಗಾಗ್ತಾ ಆಗ್ತಾ ನಿಲ್ಲುತ್ತೆ, ಅದೇ ಟೈಮಿಗೆ ಬಸ್ಸು ಬೇಲೂರು ಸ್ಟ್ಯಾಂಡಿಗೆ ತಿರುಗಿ ಡ್ರೈವರ್ ಎಂಜಿನ್ ಆಫ್ ಮಾಡಿದ, ಸೌತೆಕಾಯಿ ಮಾರೋನು ಕಿಟಕಿಗೆ ಬಂದು ಹತ್ರೂಪಾಯ್ ಹತ್ರೂಪಾಯ್ ಅಂದ. ನಂಗೆ ಎರಡು ನಿಮಿಷ ಮಾತು ಹೊರಡಲಿಲ್ಲ.

ಈಗ ವಿಷಯ. ನಿನ್ನೆ ಡೈರಿ ತಿರುವಿ ಹಾಕಿದೆ. ಹನ್ನೆರಡನೇ ದಿನದಿಂದ ಆಚೆ ಏಳು ಕಡೆ 'ಚೆನ್ನಾಗಿದೆ' ಅಂತ ಬರೆದಿದೀನಿ, ಅಷ್ಟೇ, ಮುಂದೆ ಒಂದಕ್ಷರ ಇಲ್ಲ. ಮೈಲ್ಸ್ ಡೇವಿಸ್ 'ಕೈಂಡ್ ಆಫ್ ಬ್ಲೂ' ಎದುರಿಗೂ 'ಚೆನ್ನಾಗಿದೆ'. ನಿಜ ಹೇಳ್ಬೇಕು ಅಂದ್ರೆ ಅವತ್ತು ಏನೂ ಅನ್ನಿಸ್ಲಿಲ್ಲ, ಹೋಟೆಲ್ ಲಿಫ್ಟಲ್ಲಿ ಕೇಳೋ ಮ್ಯೂಸಿಕ್ ತರ ಇತ್ತು, ಆದ್ರೆ ಜಾಸಲ್ಲೇ ಬೆಸ್ಟ್ ಅಂತ ಎಲ್ರೂ ಅಂತಾರಲ್ಲ ಅಂತ ಹಂಗೆ ಬರೆದೆ. ನನ್ನ ಡೈರೀಲಿ ನಾನೇ ಯಾರಿಗೆ ಹೆದರಿ ಸುಳ್ಳು ಬರೆದೆ ಅಂತ ಗೊತ್ತಾಗ್ತಿಲ್ಲ. ಕ್ಯಾಪ್ಟನ್ ಬೀಫ್‌ಹಾರ್ಟ್ ಅನ್ನೋರ 'ಟ್ರೌಟ್ ಮಾಸ್ಕ್ ರೆಪ್ಲಿಕಾ' ಅಂತೂ ದೇವ್ರೇ, 28 ಪೀಸು, ಬೇಲೂರ್ ದಾಟಿ ಹಗರೆ ಬಂದ್ರೂ ಮುಗೀತಿಲ್ಲ.

ಕೇಳಿ ಏನೂ ಅನ್ನಿಸ್ದೇ ಇದ್ರೆ ತಪ್ಪು ಕಿವಿದಾ ಆಲ್ಬಮ್‌ದಾ? ಇನ್ನೊಂದು ಸಲ ಕೇಳ್ಬೇಕಾ, ಬಿಟ್ಟು ಮುಂದಕ್ಕೆ ಹೋಗ್ಬೇಕಾ? ಈ ತರ ಮಾಡಿರೋರು ಯಾರಾದ್ರೂ ಇದ್ರೆ ಹೇಳಿ.

ಹಳೇಕ್ಯಾಸೆಟ್_ಹಾಸನ:

ತಮ್ಮಾ, ನೀನು ಮಾಡ್ತಿರೋದು ಕೇಳೋದಲ್ಲ, ಹಾಜರಿ ಹಾಕೋದು. ಬೇಜಾರ್ ಮಾಡ್ಕೋಬೇಡ.

ನಮ್ಮನೇಲಿ ಎಂಬತ್ತರ ದಶಕದಲ್ಲಿ ಇದ್ದಿದ್ದು ಐದು ಕ್ಯಾಸೆಟ್. ಅದರಲ್ಲಿ ಒಂದು 'ನಿತ್ಯೋತ್ಸವ', ನಿಸಾರ್ ಅಹಮದ್ ಪದ್ಯ, ಮೈಸೂರು ಅನಂತಸ್ವಾಮಿ ಸಂಗೀತ, 1978ರಲ್ಲಿ ಬಂದಿದ್ದು, ಕನ್ನಡ ಭಾವಗೀತೆಗೆ ಅಂತ ಬಂದ ಮೊದಲನೇ ಕ್ಯಾಸೆಟ್ ಅದು. ಮೊದಲನೇ ದಿನ ನಂಗೆ ಏನೂ ಅನ್ನಿಸಿರಲಿಲ್ಲ, ನಮ್ಮಣ್ಣ ಸಿನಿಮಾ ಕ್ಯಾಸೆಟ್ ತರೋದು ಬಿಟ್ಟು ಇದನ್ನ ತಂದ ಅಂತ ಸಿಟ್ಟಿತ್ತು. ಆದ್ರೆ ಬೇರೆ ಇರಲಿಲ್ಲವಲ್ಲ, ಅದೇ ಹಾಕ್ಬೇಕು, ಹಾಕಿ ಹಾಕಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಮಧ್ಯದ ಖಾಲಿ ಜಾಗ ಕೂಡ ಬಾಯಿಪಾಠ. ಈಗ್ಲೂ ಎಲ್ಲಾದ್ರೂ ಫಂಕ್ಷನ್ನಲ್ಲಿ ಯಾರಾದ್ರೂ ಅದರಲ್ಲಿರೋ ಒಂದು ಹಾಡು ಹಾಡಿದ್ರೆ, ಮುಗಿದ ತಕ್ಷಣ ನನ್ನ ತಲೇಲಿ ಕ್ಯಾಸೆಟ್ಟಲ್ಲಿದ್ದ ಮುಂದಿನ ಹಾಡು ತಾನಾಗೇ ಶುರುವಾಗುತ್ತೆ. ಇದು ಇಷ್ಟಪಟ್ಟು ಆಗಿದ್ದಲ್ಲ, ಬಡತನದಿಂದ ಆಗಿದ್ದು.

ಇನ್ನೊಂದು, ಕೈಂಡ್ ಆಫ್ ಬ್ಲೂ ಹೇಳಿದ್ಯಲ್ಲ. ನಮ್ಮ ಟೇಪ್‌ರೆಕಾರ್ಡರಿಗೆ ನಾಲ್ಕು ಸೆಲ್ ಬೇಕು, ಸೆಲ್ ವೀಕ್ ಆಯ್ತು ಅಂದ್ರೆ ಸಿ. ಅಶ್ವಥ್ ದನಿ ಇನ್ನೂ ದಪ್ಪಗಾಗಿ ಬಾವಿಯೊಳಗಿಂದ ಶರೀಫಜ್ಜನ ಪದ ಹೇಳ್ದಂಗೆ ಆಗೋದು, ನಾವು ಸೆಲ್ ತೆಗೆದು ಬಿಸಿಲಿಗಿಟ್ಟು ಮತ್ತೆ ಹಾಕ್ತಿದ್ವಿ. ಬಡವರ ಮನೆ ಕಥೆ ಅಂದ್ಕೊಂಡಿದ್ದೆ. ನೋಡಿದ್ರೆ ಅಲ್ಲೂ ಅದೇ ಕಥೆ, 1959ರಲ್ಲಿ ನ್ಯೂಯಾರ್ಕ್ ಸ್ಟುಡಿಯೋದಲ್ಲಿ ಆ ಆಲ್ಬಮ್ಮಿನ ಮೊದಲನೇ ಸೈಡ್ ರೆಕಾರ್ಡ್ ಮಾಡೋ ದಿನ ಟೇಪ್ ಮಷೀನು ಒಂಚೂರು ನಿಧಾನ ಓಡಿದೆ, ಅದನ್ನ ಸರಿಯಾದ ಸ್ಪೀಡಲ್ಲಿ ಹಾಕಿದಾಗ ಶ್ರುತಿ ಒಂದು ಕೂದಲೆಳೆ ಮೇಲಕ್ಕೆ ಹೋಗಿದೆ. ಅದು ಸರಿಯಾಗಿ ಬಂದಿದ್ದು 1992ರಲ್ಲಿ. ಮೂವತ್ತ್ಮೂರು ವರ್ಷ ಜನ ತಪ್ಪು ಶ್ರುತೀಲೇ ಕೇಳಿ ಕ್ಲಾಸಿಕ್ ಅಂದಿದಾರೆ. ನಿನ್ನ ಕಿವಿ ಒಂದೇ ದಿನಕ್ಕೆ ತೀರ್ಪು ಕೊಡಬೇಕು ಅಂತ ಯಾಕೆ ಹಠ.

ಕೊಡಗನಲ್ಲ_ಕೋಡಗ:

ಲಿಸ್ಟಲ್ಲಿ ಒಂದಾದ್ರೂ ಕನ್ನಡ ಇದೆಯಾ ಸ್ವಾಮಿ? ಕೇಳಿದ್ರೆ ಬಸ್ಸು ಬೇಲೂರಂತೆ, ಕಿವಿ ಲಂಡನ್ನಂತೆ.

ಬೇಲೂರ್‌ಬಸ್:

@ಕೊಡಗನಲ್ಲ_ಕೋಡಗ ಒಪ್ಕೋತೀನಿ, ಆದ್ರೆ ಕಷ್ಟ ಏನಂದ್ರೆ ನಮ್ಮಲ್ಲಿ ಸಿನಿಮಾ ಹಾಡು ಜಾಸ್ತಿ, ಅದನ್ನ ಆಲ್ಬಮ್ ಅನ್ನಬಹುದಾ? ಮಾವನ ಮನೇಲಿ ಇದ್ದ ಕ್ಯಾಸೆಟ್‌ಗಳಲ್ಲಿ ಒಂದು ಕಡೆ ಒಂದು ಸಿನಿಮಾ, ತಿರುಗಿಸಿದ್ರೆ ಇನ್ನೊಂದು ಸಿನಿಮಾ. ಒಂದಕ್ಕೊಂದು ಸಂಬಂಧಾನೇ ಇಲ್ಲ.

ಕೊಡಗನಲ್ಲ_ಕೋಡಗ:

ಯಾಕನ್ನಬಾರದು. 'ಪಲ್ಲವಿ ಅನುಪಲ್ಲವಿ' ಹಾಕಿ ನೋಡಿ, 1983, ಇಳಯರಾಜಾ. ಹಾಡಿನ ಮಾತು ಬಿಡಿ, ಆ ಗಿಟಾರು ವಯೊಲಿನ್ನು ಒಂದರಿಂದ ಇನ್ನೊಂದಕ್ಕೆ ದಾಟೋದು ನೋಡಿ, ಸಿನಿಮಾ ನೋಡದೇ ಇದ್ರೂ ಕಥೆ ಗೊತ್ತಾಗುತ್ತೆ. ಆಮೇಲೆ ಎಷ್ಟೋ ವರ್ಷ ಬಿಟ್ಟು ಒಂದು ಮೊಬೈಲ್ ಕಂಪ್ನಿ ಅದನ್ನೇ ತನ್ನ ಟ್ಯೂನ್ ಮಾಡ್ಕೊಂಡಿತ್ತು, ಇಡೀ ಇಂಡಿಯಾ ಗುನುಗ್ತು, ಕನ್ನಡದ್ದು ಅಂತ ಮುಕ್ಕಾಲು ಜನಕ್ಕೆ ಗೊತ್ತೂ ಇಲ್ಲ. ಸಿಟ್ಟು ಬರಲ್ವಾ ಹೇಳಿ.

ತೋಟದ_ಕಣ:

ನಮ್ದು ಮೂಡಿಗೆರೆ ಕಡೆ. ಮೊನ್ನೆ ರಾತ್ರಿ ನಿಮ್ಮ ಪೋಸ್ಟ್ ಓದಿ ಆ ಟ್ರೌಟ್ ಮಾಸ್ಕ್ ಎಂಥದು ಅಂತ ನೋಡೇ ಬಿಡುವ ಅಂದ್ಕೊಂಡೆ ಮಾರಾಯ್ರೆ. ಈಗ ಕಾಫಿ ಕೊಯ್ಲು ಟೈಮು, ಕೆಳಗೆ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮಷೀನು, ನಾನು ಕಣದ ಪಕ್ಕ ಕುರ್ಚಿ ಹಾಕ್ಕೊಂಡು ಬ್ಲೂಟೂತ್ ಸ್ಪೀಕರಲ್ಲಿ ಹಾಕಿದೆ. ಎರಡು ನಿಮಿಷ ಆಗಿಲ್ಲ, ತೋಟದ ಲೆಕ್ಕ ನೋಡೋ ನಮ್ಮ ರೈಟರು ಕೆಳಗಿಂದ ಓಡ್ಕೊಂಡು ಬಂದ್ರು, "ಅಣ್ಣಾ ಪಲ್ಪರಿಗೆ ಕಲ್ಲು ಸಿಕ್ಕಿದೆ ಅಂತ ಕಾಣುತ್ತೆ, ಆಫ್ ಮಾಡಿಸ್ಲಾ?"

ಇಷ್ಟಾದ್ಮೇಲೂ ಪೂರ್ತಿ ಕೇಳಿದೆ, ಹಠಕ್ಕೆ. ಇಷ್ಟ ಆಗಲಿಲ್ಲ. ಆದ್ರೆ ಒಂದು ಹೇಳ್ತೀನಿ, ಸುಳ್ಳು ಸದ್ದು ಅಲ್ಲ ಅದು. ಆ ಹುಡುಗರು ತಿಂಗಳುಗಟ್ಟಲೆ ಒಂದೇ ಮನೇಲಿ ಕೂತು ಆ ಅಡ್ಡಾದಿಡ್ಡಿನ ಪ್ರಾಕ್ಟೀಸ್ ಮಾಡಿದ್ರಂತೆ, ಕೇಳಿದ್ರೆ ಗೊತ್ತಾಗುತ್ತೆ, ಎಲ್ರೂ ಬೇರೆ ಬೇರೆ ಕಡೆ ಹೋಗಿ ಒಂದು ತಿರುವಲ್ಲಿ ಟಕ್ ಅಂತ ಒಟ್ಟಿಗೆ ನಿಲ್ತಾರೆ. ಕುಡಿದು ಬಾರಿಸಿದ್ರೆ ಹಂಗೆ ನಿಲ್ಲೋಕೆ ಆಗಲ್ಲ.

ನಾನು ಹೇಳೋದು ಜಾಗದ ವಿಷಯ. ನಂಗೆ 'ಕಾಲ್ ಆಫ್ ದ ವ್ಯಾಲಿ' ಕಾಲೇಜ್ ದಿನದಿಂದ ಗೊತ್ತು, 1967ದು, ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಗಿಟಾರು. ಕಾಶ್ಮೀರದ ಕುರಿ ಕಾಯೋನ ಒಂದು ದಿನ, ಬೆಳಿಗ್ಗೆ ಅಹಿರ್ ಭೈರವ ರಾಗದಿಂದ ಶುರುವಾಗಿ ರಾತ್ರಿ ಪಹಾಡಿ ರಾಗಕ್ಕೆ ಮುಗಿಯುತ್ತೆ. ಬೆಂಗಳೂರಲ್ಲಿ ಪಿಜಿ ರೂಮಲ್ಲಿ ಹತ್ತು ಸಲ ಕೇಳಿದ್ದೆ, ಸರಿ, ಹಿತವಾಗಿದೆ, ನಿದ್ದೆ ಬರುತ್ತೆ, ಅಷ್ಟೇ. ತೋಟಕ್ಕೆ ವಾಪಸ್ ಬಂದ ಮೇಲೆ ಒಂದು ಡಿಸೆಂಬರು, ಕಣದಲ್ಲಿ ಕಾಫಿ ಹರಡಿದೆ, ಎದುರಿಗೆ ಅಕಾಲದ ಮೋಡ, ಹನಿ ಬಿದ್ರೆ ಒಣಗಿದ್ದೆಲ್ಲ ಹಾಳು, ಟಾರ್ಪಾಲ್ ಕೈಲಿ ಹಿಡ್ಕೊಂಡು ಬೆಳಗಿನ ಜಾವದಿಂದ ಕಾಯ್ತಾ ಇದೀವಿ. ಫೋನಲ್ಲಿ ಇದು ಓಡ್ತಿತ್ತು. ಸಂತೂರ್ ಒಂದೊಂದೇ ತಂತಿ ತಟ್ಟಿ ನಿಲ್ಲೋದು, ಮತ್ತೆ ತಟ್ಟೋದು. ಈ ಕುರಿ ಕಾಯೋನೂ ಆಕಾಶ ನೋಡ್ತಾ ಕೂತಿರ್ತಾನೆ ಅನ್ನೋದು ನಂಗೆ ಹೊಳೆದಿದ್ದೇ ಅವತ್ತು. ಮಳೆ ಬರಲಿಲ್ಲ ಪುಣ್ಯಕ್ಕೆ.

ಅದಕ್ಕೆ ಬಸ್ಸಲ್ಲಿ ಹಿಡಿಸ್ದೇ ಇದ್ದಿದ್ದಕ್ಕೆ ಅಡ್ಡಗೆರೆ ಹೊಡೀಬೇಡಿ. ಡೈರೀಲಿ ಎಲ್ಲಿ ಕೂತು ಕೇಳಿದ್ರಿ, ಪಕ್ಕ ಯಾರಿದ್ರು, ಅದನ್ನ ಬರೀರಿ. ಪಿಂಕ್ ಫ್ಲಾಯ್ಡ್ ಬಗ್ಗೆ ಬರೆದಾಗ ಅದನ್ನೇ ಮಾಡಿದೀರಿ, ಅಜ್ಜ, ಚೀಲ, ಸೌತೆಕಾಯಿ. ಅದೊಂದೇ ಓದೋಕೆ ಚೆನ್ನಾಗಿದ್ದಿದ್ದು.

ಅಜ್ಜಿಮೊಮ್ಮಗಳು:

ಎಲ್ರೂ ದಿನಕ್ಕೊಂದು ಆಲ್ಬಮ್ ಅಂತಿದೀರಿ, ನಮ್ಮಜ್ಜಿ ದಿನಾ ಒಂದೇ ಆಲ್ಬಮ್ಮು, ಅರವತ್ತು ವರ್ಷದ ಹತ್ತಿರ ಆಯ್ತೇನೋ 😀 ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ, 1963ರ ರೆಕಾರ್ಡು. ಮೊದಲು ರೇಡಿಯೋ, ಆಮೇಲೆ ಕ್ಯಾಸೆಟ್, ಸಿಡಿ, ಈಗ ನಾನು ಕೊಟ್ಟ ಹಳೇ ಫೋನು. ಅಜ್ಜಿಗೆ ಅದು ಗಡಿಯಾರ. ಇಂಥ ಶ್ಲೋಕಕ್ಕೆ ಹಾಲು ಉಕ್ಕಬೇಕು, ಇಂಥದಕ್ಕೆ ಅಂಗಳಕ್ಕೆ ನೀರು ಹಾಕಿ ಆಗಿರಬೇಕು. ಒಂದಿನ ಮಧ್ಯ ಫೋನಿಗೆ ಕಾಲ್ ಬಂದು ನಿಂತೋಯ್ತು, ಅಜ್ಜಿ ರಂಗೋಲಿ ಅರ್ಧಕ್ಕೆ ಬಿಟ್ಟು ಒಳಗೆ ಬಂದು ಬೈದ್ರು.

ಒಂದ್ಸಲ ಕೇಳಿದ್ದೆ, ಅಜ್ಜಿ ನಿಮಗೆ ಬೇಜಾರ್ ಆಗಲ್ವಾ ಅಂತ. "ನಾನೆಲ್ಲಿ ಕೇಳ್ತೀನೇ, ಅದು ಇರುತ್ತೆ ಅಷ್ಟೇ" ಅಂದ್ರು. ಆದ್ರೆ ಎಂಎಸ್ ಉಸಿರು ತಗೊಳ್ಳೋ ಜಾಗದಲ್ಲಿ ಅಜ್ಜೀನೂ ಉಸಿರು ತಗೋತಾರೆ, ನಾನು ನೋಡಿದೀನಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ ಇದು, ನೆನಪಾಯ್ತು ಬರೆದೆ.

ಬೇಲೂರ್‌ಬಸ್:

ಎಲ್ರಿಗೂ ಥ್ಯಾಂಕ್ಸ್. @ತೋಟದ_ಕಣ ಪಲ್ಪರ್ ಕಥೆ ಆಫೀಸಲ್ಲಿ ಓದಿ ನಕ್ಕು ಬೈಸ್ಕೊಂಡೆ.

ಇವತ್ತು 24ನೇ ದಿನ, ಹೊಸದು ಹಾಕಲಿಲ್ಲ. ಕೈಂಡ್ ಆಫ್ ಬ್ಲೂ ಮತ್ತೆ ಹಾಕಿದೆ, ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ. ಬೆಳಿಗ್ಗೆ ಮತ್ತೆ ಅದೇ ಲಿಫ್ಟು. ಸಂಜೆ ಬಸ್ಸಲ್ಲಿ ಸೀಟ್ ಸಿಗಲಿಲ್ಲ, ಕಂಬಿ ಹಿಡ್ಕೊಂಡು ನಿಂತಿದ್ದೆ, ಹೊರಗೆ ಕತ್ತಲು. ಶುರುವಲ್ಲಿ ಬೇಸ್, ಆ ದಪ್ಪ ದನಿಯ ತಂತಿವಾದ್ಯ, ಒಂದು ಮಾತು ಕೇಳ್ದಂಗೆ ನುಡಿಯುತ್ತೆ, ಅದಕ್ಕೆ ಉಳಿದೋರೆಲ್ಲ ಎರಡೇ ಎರಡು ಸ್ವರದಲ್ಲಿ ಹೂಂ ಹೂಂ ಅಂತಾರೆ. ನಮ್ಮ ಕಂಡಕ್ಟ್ರು ಹಿಂದಿಂದ ಟಿಕೆಟ್ ಅಂತಾನೆ, ಪಾಸ್ ಅಂತಾರೆ, ಟಿಕೆಟ್, ಪಾಸ್, ಅದೇ ಲಯ. ಆಮೇಲೆ ಪೂರ್ತಿ ಆ ಕೇಳೋದು ಹೂಂಗುಟ್ಟೋದು ಬಿಟ್ರೆ ಬೇರೇನೂ ಕಿವಿಗೆ ಬೀಳಲಿಲ್ಲ, ಹಗರೆ ಯಾವಾಗ ಹೋಯ್ತೋ. ಹಳೇ ಎಂಟ್ರಿಗೆ ಅಡ್ಡಗೆರೆ ಎಳೆದು 'ನಿಂತ್ಕೊಂಡು ಕೇಳಿದೆ' ಅಂತ ಬರೆದಿದೀನಿ.

@ಹಳೇಕ್ಯಾಸೆಟ್_ಹಾಸನ ಸರ್, ಆ ನಿತ್ಯೋತ್ಸವ ಕ್ಯಾಸೆಟ್ ಇನ್ನೂ ಇದೆಯಾ, ಓಡುತ್ತಾ? ಶನಿವಾರ ಮಧ್ಯಾಹ್ನ ನಂಗೆ ಹಾಸನದಲ್ಲಿ ಎರಡು ಗಂಟೆ ಬಿಡುವಿರುತ್ತೆ.

ಹಳೇಕ್ಯಾಸೆಟ್_ಹಾಸನ:

ಕ್ಯಾಸೆಟ್ ಇದೆ. ಟೇಪ್‌ರೆಕಾರ್ಡರಿನ ಬೆಲ್ಟ್ ಹೋಗಿದೆ, ಸದ್ಯಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಓಡಿಸ್ತಿದೀನಿ, ಶ್ರುತಿಗೆ ಗ್ಯಾರಂಟಿ ಇಲ್ಲ. ಬಾ. ಊಟ ಮಾಡ್ಕೊಂಡು ಬರಬೇಡ.