ಹೊಸಬರಿಗೆ ಸರ್ಫ್‌ಬೋರ್ಡ್ ಫಿನ್: ಯಾವ ಅಳತೆ, ಹೇಗೆ ಜೋಡಿಸುವುದು, ಯಾವಾಗ ಬದಲಿಸುವುದು?

ನೊರೆಯಲೆ (ಪ್ರಶ್ನೆ)

ಬೋರ್ಡ್: 8 ಅಡಿಯ ಸಾಫ್ಟ್‌ಟಾಪ್ (ಮೇಲ್ಮೈ ಮೆತ್ತನೆಯ ಫೋಮ್), ಅಡಿಯಲ್ಲಿ ಹಿಂಭಾಗಕ್ಕೆ ಮೂರು ಪ್ಲಾಸ್ಟಿಕ್ ಫಿನ್ (ರೆಕ್ಕೆ). ನನ್ನ ತೂಕ 72 ಕೆ.ಜಿ. ಒಡೆದ ಅಲೆಯ ನೊರೆಯಲ್ಲಿ ಎದ್ದು ನಿಂತು ನೇರವಾಗಿ ದಡದತ್ತ ಬರಲು ಆಗುತ್ತದೆ, ಎಡಕ್ಕೆ ಬಲಕ್ಕೆ ಹೊರಳಿಸಲು ಈಗ ಕಲಿಯುತ್ತಿದ್ದೇನೆ. ಕೇಳಬೇಕಾದ್ದು ಇಷ್ಟು:

ಫಿನ್ ನಿಜವಾಗಿ ಮಾಡುವ ಕೆಲಸವೇನು? ಪ್ಯಾಕೆಟ್ ಮೇಲೆ ಬೇಸ್, ಡೆಪ್ತ್, ರೇಕ್, ಕ್ಯಾಂಟ್, ಫಾಯಿಲ್ ಎಂದೆಲ್ಲ ಬರೆದಿರುತ್ತಾರೆ, ಅದರಲ್ಲಿ ಹೊಸಬರು ನೋಡಬೇಕಾದ್ದು ಯಾವುದು? ಗಟ್ಟಿ ಫೈಬರ್‌ಗ್ಲಾಸ್ ಫಿನ್ ಹಾಕಿದರೆ ಬೋರ್ಡ್ ಸುಲಭವಾಗಿ ತಿರುಗುತ್ತದೆಯೇ? ಮುಂದೆ ಗಟ್ಟಿ ಬೋರ್ಡ್ ಕೊಳ್ಳುವಾಗ ಎಫ್‌ಸಿಎಸ್ ಕಂಪನಿಯ ಬಾಕ್ಸ್ (ಫಿನ್ ಕೂರಿಸುವ ಗುಳಿ) ಇರುವುದು ಒಳ್ಳೆಯದೋ, ಫ್ಯೂಚರ್ಸ್ ಬಾಕ್ಸ್ ಇರುವುದೋ?

ಹಿಂಗಾಲು

ಮೊದಲು ಫಿನ್‌ನ ಕೆಲಸ. ಫಿನ್ ಇಲ್ಲದ ಬೋರ್ಡ್ ಮೇಲೆ ಸ್ವಲ್ಪ ವಾಲಿದರೂ ಟೇಲ್ (ಬೋರ್ಡಿನ ಹಿಂತುದಿ) ಪಕ್ಕಕ್ಕೆ ಜಾರಿಬಿಡುತ್ತದೆ. ಹಳೆಯ ಮರದ ಬೋರ್ಡ್‌ಗಳ ತೊಂದರೆಯೇ ಅದಾಗಿತ್ತು. 1935ರಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಬೋರ್ಡಿನ ಅಡಿಗೆ ದೋಣಿಯ ಅಡಿಯಲ್ಲಿರುವಂಥ ಒಂದು ಕೀಲ್ (ಏಣು) ಜೋಡಿಸಿದ ಮೇಲೆ ಟೇಲ್ ನೀರನ್ನು ಹಿಡಿದು ನಿಲ್ಲತೊಡಗಿತು. ಇವತ್ತಿಗೂ ಫಿನ್‌ನ ಮೊದಲ ಕೆಲಸ ಅದೇ: ಪಕ್ಕಕ್ಕೆ ಜಾರುವುದನ್ನು ತಡೆಯುವುದು.

ಎರಡನೆಯ ಕೆಲಸ ನೂಕು ಕೊಡುವುದು. ಮೂರು ಫಿನ್‌ಗಳ ಬೋರ್ಡನ್ನು ಮಗುಚಿ ಹಾಕಿ ನೋಡಿ. ಅಕ್ಕಪಕ್ಕದ ಎರಡು ಫಿನ್‌ಗಳು ನಡುಗೆರೆಗೆ ಸಮಾನಾಂತರವಾಗಿರುವುದಿಲ್ಲ, ಅವುಗಳ ಮುಂದಿನ ತುದಿ ನೋಸ್ (ಬೋರ್ಡಿನ ಮುಂತುದಿ) ಕಡೆಗೆ ತುಸು ಒಳಮುಖವಾಗಿರುತ್ತದೆ. ಒಳಮೈ ಚಪ್ಪಟೆ, ಹೊರಮೈ ಉಬ್ಬು. ನಡುವಿನ ಫಿನ್ ಎರಡೂ ಕಡೆ ಒಂದೇ ತರ ಉಬ್ಬಿರುತ್ತದೆ. ನೀವು ಬಲಕ್ಕೆ ವಾಲಿದಾಗ ಬಲಗಡೆಯ ರೇಲ್ (ಬೋರ್ಡಿನ ಪಕ್ಕದ ಅಂಚು) ಮತ್ತು ಬಲ ಫಿನ್ ನೀರಿಗೆ ಆಳವಾಗಿ ಇಳಿಯುತ್ತವೆ. ಓರೆಯಾಗಿ ಬಂದ ನೀರು ಫಿನ್‌ನ ಎರಡು ಮೈಗಳ ಮೇಲೆ ಬೇರೆ ಬೇರೆ ಒತ್ತಡ ಹಾಕುತ್ತದೆ, ಆ ವ್ಯತ್ಯಾಸವೇ ಬೋರ್ಡನ್ನು ತಿರುವಿನೊಳಗೆ ಎಳೆದು ಹಿಡಿಯುವುದು.

ಅಂದರೆ ತಿರುವು ಶುರುವಾಗುವುದು ನಿಮ್ಮ ತೂಕ ಮತ್ತು ರೇಲ್‌ನಿಂದ. ಫಿನ್ ಅದನ್ನು ಹಿಡಿದುಕೊಳ್ಳುತ್ತದೆ ಅಷ್ಟೆ. 8 ಅಡಿ ಬೋರ್ಡಿನಲ್ಲಿ ಹೊಸಬರು ಸಾಮಾನ್ಯವಾಗಿ ನಡುವೆ ನಿಲ್ಲುತ್ತಾರೆ, ಹಿಂಗಾಲು ಫಿನ್‌ಗಳಿಂದ ತುಂಬ ಮುಂದಿರುತ್ತದೆ. ಅಲ್ಲಿಂದ ಎಷ್ಟು ವಾಲಿದರೂ ಬೋರ್ಡ್ ನಿಧಾನವಾಗಿಯೇ ಹೊರಳುತ್ತದೆ. ನೇರ ಹೋಗುವಾಗ ಆ ಜಾಗ ಸರಿ. ತಿರುಗಿಸಬೇಕೆಂದಾಗ ಹಿಂಗಾಲನ್ನು ಫಿನ್‌ಗಳ ಮೇಲಕ್ಕೆ, ಅಥವಾ ತುಸು ಮುಂದಕ್ಕೆ, ಸರಿಸಿ. ಮಂಡಿ ಮಡಿಸಿ, ಹೋಗಬೇಕಾದ ಕಡೆ ನೋಡಿ, ಭುಜವನ್ನು ಅತ್ತ ತಿರುಗಿಸಿ. ಹೊಸ ಫಿನ್‌ಗಿಂತ ಇದರಿಂದ ಆಗುವ ವ್ಯತ್ಯಾಸ ಎಷ್ಟೋ ದೊಡ್ಡದು, ಇದಕ್ಕೆ ಖರ್ಚೂ ಇಲ್ಲ.

ಈಗ ಪ್ಯಾಕೆಟ್ ಮೇಲಿನ ಪದಗಳು. ಬೇಸ್ ಎಂದರೆ ಬೋರ್ಡಿಗೆ ತಾಗುವ ಬುಡದ ಉದ್ದ. ಬುಡ ಉದ್ದವಾದಷ್ಟೂ ವೇಗ ಚೆನ್ನಾಗಿ ಉಳಿಯುತ್ತದೆ, ತಿರುವು ದೊಡ್ಡದಾಗುತ್ತದೆ. ಡೆಪ್ತ್ ಎಂದರೆ ಬುಡದಿಂದ ತುದಿಯವರೆಗಿನ ಎತ್ತರ. ಹಿಡಿತ ಬರುವುದು ಮುಖ್ಯವಾಗಿ ಇದರಿಂದ. ರೇಕ್ ಎಂದರೆ ಫಿನ್ ಎಷ್ಟು ಹಿಂದಕ್ಕೆ ಬಾಗಿದೆ ಎಂಬುದು: ಹೆಚ್ಚು ಬಾಗಿದ್ದರೆ ಅಗಲವಾದ ನಯವಾದ ತಿರುವು, ನೆಟ್ಟಗಿದ್ದರೆ ಸಣ್ಣ ಜಾಗದಲ್ಲೇ ತಟ್ಟನೆ ತಿರುವು. ಕ್ಯಾಂಟ್ ಎಂದರೆ ಪಕ್ಕದ ಫಿನ್ ಕೆಲವು ಡಿಗ್ರಿ ಹೊರಕ್ಕೆ ವಾಲಿರುವುದು. ಇದು ಬಹುಮಟ್ಟಿಗೆ ಬೋರ್ಡ್ ತಯಾರಾಗುವಾಗಲೇ ತೀರ್ಮಾನವಾಗಿರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಫಾಯಿಲ್ ಎಂದರೆ ಆ ಉಬ್ಬಿನ ಆಕಾರ, ಅದನ್ನೂ ಸದ್ಯಕ್ಕೆ ಬಿಡಿ.

ನೀವು ನೋಡಬೇಕಾದ್ದು ಒಂದೇ, ತೂಕಕ್ಕೆ ತಕ್ಕ ಅಳತೆ. ಸುಮಾರಾಗಿ 55ರಿಂದ 70 ಕೆ.ಜಿ.ಗೆ ಸ್ಮಾಲ್, 65ರಿಂದ 80ಕ್ಕೆ ಮೀಡಿಯಂ, 75ರಿಂದ 90ಕ್ಕೆ ಲಾರ್ಜ್. ಗಡಿಗಳು ಒಂದರ ಮೇಲೊಂದು ಬರುತ್ತವೆ. ನಡುವೆ ಸಿಕ್ಕವರು ಕಲಿಯುವ ಹಂತದಲ್ಲಿ ದೊಡ್ಡದನ್ನೇ ಆರಿಸಿಕೊಳ್ಳಲಿ, ಬೋರ್ಡ್ ನೆಟ್ಟಗೆ ಓಡುತ್ತದೆ. ನಿಮಗೆ ಮೀಡಿಯಂ ಸರಿ: ಬುಡ ಸುಮಾರು 4.4 ಇಂಚು, ಎತ್ತರ ಸುಮಾರು 4.5 ಇಂಚು.

ಗಟ್ಟಿ ಫಿನ್ ಬಗ್ಗೆ: ನೊರೆಯಲ್ಲಿ ಅದರಿಂದ ಲಾಭವಿಲ್ಲ. ಬಿದ್ದಾಗ ಬೋರ್ಡ್ ಎಲ್ಲಿ ಹೋಗುತ್ತದೆಂದು ಗೊತ್ತಾಗದ ಹಂತದಲ್ಲಿ ಮೆತ್ತನೆಯ ಅಂಚಿನ ಪ್ಲಾಸ್ಟಿಕ್ ಫಿನ್ ನಿಮ್ಮನ್ನೂ ಪಕ್ಕದವರನ್ನೂ ಕಾಯುತ್ತದೆ. ಗಟ್ಟಿ ಫಿನ್‌ನ ಹಿಂದಿನ ಅಂಚು ಚರ್ಮ ಸೀಳುವಷ್ಟು ಚೂಪಾಗಿರಬಹುದು. ನೊರೆಯಿಲ್ಲದ ಅಲೆಯ ಮೈಮೇಲೆ ಓರೆಯಾಗಿ ಓಡಿಸಿ, ಬೇಕೆಂದಾಗ ಕೆಳಗೆ ಮೇಲೆ ಹೊರಳಿಸಲು ಬಂದ ಮೇಲೆ ಬದಲಿಸಿ.

ಷಟ್ಕೋನ ಕೀಲಿ

ಬಾಕ್ಸ್ ವಿಷಯಕ್ಕೆ ಬರುತ್ತೇನೆ. ಎರಡೂ ಚೆನ್ನಾಗಿವೆ, ಬಾಕ್ಸ್ ನೋಡಿ ಬೋರ್ಡ್ ಆರಿಸಬೇಡಿ. ಬೋರ್ಡ್ ಆರಿಸಿ, ಬಾಕ್ಸಿಗೆ ಹೊಂದುವ ಫಿನ್ ತನ್ನಿ.

ಹಳೆಯ ಎಫ್‌ಸಿಎಸ್‌ನಲ್ಲಿ ಪ್ರತಿ ಫಿನ್‌ಗೆ ಎರಡು ಗಿಡ್ಡ ಹಲ್ಲು, ಪ್ರತಿ ಹಲ್ಲಿಗೂ ಒಂದು ಸಣ್ಣ ಗ್ರಬ್ ಸ್ಕ್ರೂ. ಎಫ್‌ಸಿಎಸ್ 2ರಲ್ಲಿ ಸ್ಕ್ರೂ ಕಡ್ಡಾಯವಲ್ಲ. ಮುಂದಿನ ಹಲ್ಲನ್ನು ಓರೆಯಾಗಿ ಮುಂದಿನ ಗುಳಿಗೆ ಸಿಕ್ಕಿಸಿ ಹಿಂಭಾಗವನ್ನು ಒತ್ತಿದರೆ ಟಕ್ಕೆಂದು ಕೂರುತ್ತದೆ. ತೆಗೆಯುವಾಗ ಹಿಂದಿನ ಅಂಚನ್ನು ಬುಡದ ಹತ್ತಿರ ಹಿಡಿದು, ಮುಂದಕ್ಕೆ ಮಗುಚುವಂತೆ ಎತ್ತಬೇಕು. ಪಕ್ಕಕ್ಕೆ ಅಲ್ಲಾಡಿಸಿದರೆ ಬಾಕ್ಸ್ ಬಿರುಕು ಬಿಡಬಹುದು. ಫ್ಯೂಚರ್ಸ್‌ನಲ್ಲಿ ಬುಡದ ಉದ್ದಕ್ಕೂ ಒಂದೇ ಪಟ್ಟಿ, ಒಂದೇ ಉದ್ದ ಗುಳಿ, ಮುಂದುಗಡೆ ಓರೆಯಾಗಿ ಒಂದೇ ಸ್ಕ್ರೂ. ಎರಡು ಕಂಪನಿಗಳ ಫಿನ್‌ಗಳು ಒಂದರ ಬಾಕ್ಸಿಗೆ ಇನ್ನೊಂದು ಹೊಂದುವುದಿಲ್ಲ. ಹಳೆಯ ಎಫ್‌ಸಿಎಸ್ ಫಿನ್‌ಗಳನ್ನು ಎಫ್‌ಸಿಎಸ್ 2 ಬಾಕ್ಸಿಗೆ ತುಂಬುಪಟ್ಟಿ ಮತ್ತು ಸ್ಕ್ರೂ ಬಳಸಿ ಕೂರಿಸಬಹುದು, ಎಫ್‌ಸಿಎಸ್ 2 ಫಿನ್ ಹಳೆಯ ಎಫ್‌ಸಿಎಸ್ ಗುಳಿಗೆ ಹೋಗುವುದಿಲ್ಲ. ಕೀಲಿ ಸಾಮಾನ್ಯವಾಗಿ 3/32 ಇಂಚಿನ ಷಟ್ಕೋನ ಆಲನ್ ಕೀ. ಒಂದನ್ನು ಚೀಲದಲ್ಲೇ ಇಟ್ಟಿರಿ.

ಜೋಡಿಸುವಾಗ ಹೆಚ್ಚಾಗಿ ಆಗುವ ತಪ್ಪು ಎಡ ಬಲ ಅದಲುಬದಲು. ಚಪ್ಪಟೆ ಮೈ ಒಳಕ್ಕೆ, ಸ್ಟ್ರಿಂಗರ್ (ನಡುಗೆರೆಯುದ್ದಕ್ಕೂ ಇರುವ ಪಟ್ಟಿ) ಕಡೆಗೆ. ಬಾಗಿದ ತುದಿ ಹಿಂದಕ್ಕೆ, ಟೇಲ್ ಕಡೆಗೆ. ಎರಡೂ ಕಡೆ ಉಬ್ಬಿರುವುದು ನಡುವಿನ ಬಾಕ್ಸಿಗೆ. ಕೂರಿಸುವ ಮೊದಲು ಗುಳಿಯನ್ನು ಸಿಹಿನೀರಿನಲ್ಲಿ ತೊಳೆಯಿರಿ. ಒಂದು ಮರಳಿನ ಕಾಳು ಅಡ್ಡ ಬಂದರೂ ಫಿನ್ ಪೂರ್ತಿ ಕೂರುವುದಿಲ್ಲ, ಸ್ಕ್ರೂ ಬಿಗಿಯಾದಂತೆ ಕಂಡರೂ ನೀರಿನಲ್ಲಿ ಸಡಿಲವಾಗುತ್ತದೆ. ಬಿಗಿಮಾಡುವುದು ಎರಡು ಬೆರಳಿನ ಬಲದಷ್ಟು ಸಾಕು. ಅದಕ್ಕಿಂತ ತಿರುಗಿಸಿದರೆ ಸ್ಕ್ರೂ ತಲೆಯ ಮೂಲೆಗಳು ಸವೆದು ಕೀಲಿ ಹಿಡಿಯದಂತಾಗುತ್ತದೆ. ಕೊನೆಗೆ ಫಿನ್ ತುದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ: ಬಾಗಬಹುದು, ಬುಡ ಕದಲಬಾರದು.

ಉದ್ದಹಲಗೆ

ಮುಂದಿನ ಬೋರ್ಡ್ 9 ಅಡಿಯ ಲಾಂಗ್‌ಬೋರ್ಡ್ ಆಗುವ ಸಾಧ್ಯತೆ ಇದ್ದರೆ ಲೆಕ್ಕ ಬೇರೆ. ಅಲ್ಲಿ ನಡುವೆ ಒಂದೇ ದೊಡ್ಡ ಫಿನ್, ಫಿನ್ ಹಿಂದೆ ಮುಂದೆ ಸರಿಸಬಹುದಾದ ಉದ್ದನೆಯ ಗುಳಿಯ ಬಾಕ್ಸ್. ಬೋರ್ಡಿನ ಒಂದು ಅಡಿಗೆ ಒಂದು ಇಂಚು ಎಂಬುದು ಹಳೆಯ ಅಂದಾಜು, 9 ಅಡಿಗೆ ಸುಮಾರು 9 ಇಂಚು. ಜೊತೆಗೆ ಎರಡು ಪುಟ್ಟ ಪಕ್ಕದ ಫಿನ್ ಇದ್ದರೆ ನಡುವಿನದು 7 ಇಂಚಿನ ಆಸುಪಾಸು ಸಾಕು.

ಕೂರಿಸುವ ಉಪಾಯ: ಸ್ಕ್ರೂವನ್ನು ಲೋಹದ ಬಿಲ್ಲೆಗೆ ಒಂದೆರಡು ಸುತ್ತು ತಿರುಗಿಸಿ, ಅದನ್ನೇ ಹಿಡಿಕೆ ಮಾಡಿಕೊಂಡು ಬಿಲ್ಲೆಯನ್ನು ಗುಳಿಗೆ ಇಳಿಸಿ ಮುಂದಕ್ಕೆ ಜಾರಿಸಿ, ಸ್ಕ್ರೂ ಬಿಚ್ಚಿಕೊಳ್ಳಿ. ಆಮೇಲೆ ಫಿನ್‌ನ ಹಿಂದಿನ ಪಿನ್ ಗುಳಿಗೆ ಹಾಕಿ ಹಿಂದಕ್ಕೆ ಸರಿಸಿ, ಮುಂಭಾಗ ಇಳಿಸಿ, ತೂತು ಬಿಲ್ಲೆಯ ಮೇಲೆ ಬಂದಾಗ ಬಿಗಿಮಾಡಿ. ಮೊದಲ ಸಲ ಬಾಕ್ಸಿನ ನಡುವೆ ಇಡಿ. ಹಿಂದಕ್ಕೆ ಸರಿಸಿದರೆ ಬೋರ್ಡ್ ನೆಟ್ಟಗೆ ಓಡುತ್ತದೆ, ಮುಂದಕ್ಕೆ ಸರಿಸಿದರೆ ಸಲೀಸಾಗಿ ತಿರುಗುತ್ತದೆ. ಒಮ್ಮೆಗೆ ಅರ್ಧ ಇಂಚು ಸಾಕು.

ಎರಡು, ನಾಲ್ಕು ಫಿನ್‌ಗಳ ಬೋರ್ಡ್‌ಗಳೂ ಇವೆ. ಎರಡು ಫಿನ್ ಇಟ್ಟುಕೊಂಡೇ ಆಸ್ಟ್ರೇಲಿಯಾದ ಸರ್ಫರ್ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸತತ ನಾಲ್ಕು ವಿಶ್ವ ಪ್ರಶಸ್ತಿ ಗೆದ್ದರು. ಆದರೆ ಕಡಿದಾದ ಅಲೆಯಲ್ಲಿ ಎರಡು ಫಿನ್ ಬೇಗ ಜಾರುತ್ತದೆ. ಅದಕ್ಕೆ ಉತ್ತರವಾಗಿ ಅದೇ ದೇಶದ ಸೈಮನ್ ಆಂಡರ್ಸನ್ ಮೂರನೆಯದನ್ನು ನಡುವೆ ಸೇರಿಸಿದರು, 1981ರಲ್ಲಿ ಆಸ್ಟ್ರೇಲಿಯಾದ ಬೆಲ್ಸ್ ಬೀಚ್ ಸ್ಪರ್ಧೆಯನ್ನು ಅದರ ಮೇಲೆಯೇ ಗೆದ್ದರು. ನಿಮ್ಮ ಸಾಫ್ಟ್‌ಟಾಪ್‌ನ ಜೋಡಣೆಯೂ ಅದೇ ಮಾದರಿ. ಕಲಿಯಲು ಅದೇ ಇರಲಿ.

ನೊರೆಯಲೆ

ಎಲ್ಲರಿಗೂ ಧನ್ಯವಾದ. ಇನ್ನೆರಡು ಅನುಮಾನ. ನನ್ನ ಬೋರ್ಡಿನಲ್ಲಿ ಬಾಕ್ಸ್ ಇಲ್ಲ, ಮೇಲಿನಿಂದ ಸ್ಕ್ರೂ ಹಾಯ್ದು ಬರುತ್ತದೆ, ಎಡ ಫಿನ್ ಸ್ವಲ್ಪ ಅಲ್ಲಾಡುತ್ತಿದೆ. ಇನ್ನೊಂದು, ಕಡಿದಾದ ಅಲೆ ಸಿಕ್ಕಾಗ ಟೇಲ್ ಒಮ್ಮೆಲೇ ಪಕ್ಕಕ್ಕೆ ಕಿತ್ತುಕೊಂಡು ಹೋಗುತ್ತದೆ. ಸಡಿಲ ಫಿನ್‌ನಿಂದಲೇ?

ಷಟ್ಕೋನ ಕೀಲಿ

ಸಡಿಲ ಫಿನ್ ಕಾರಣವಿರಬಹುದು, ಮೊದಲು ಅದನ್ನು ಸರಿಮಾಡಿ. ಸ್ಕ್ರೂ ಬಿಚ್ಚಿ, ಫಿನ್ ಹೊರತೆಗೆದು ರಂಧ್ರದ ಸುತ್ತ ಮರಳು ತೆಗೆಯಿರಿ. ಮತ್ತೆ ಇಟ್ಟು, ಕೆಳಗಿನಿಂದ ಫಿನ್ ನೆಟ್ಟಗೆ ಒತ್ತಿ ಹಿಡಿದು, ಮೇಲಿನಿಂದ ಅಗಲ ತಲೆಯ ಸ್ಕ್ರೂಡ್ರೈವರ್‌ನಲ್ಲಿ ಬಿಗಿಮಾಡಿ. ಸ್ಕ್ರೂ ತಲೆ ಡೆಕ್‌ಗೆ (ಬೋರ್ಡಿನ ಮೇಲ್ಮೈಗೆ) ಸಮವಾದೊಡನೆ ನಿಲ್ಲಿಸಿ. ಇನ್ನೂ ಒತ್ತಿದರೆ ಫೋಮ್ ಕುಸಿದು, ಆ ಗುಂಡಿಯಿಂದಲೇ ನೀರು ಒಳಗೆ ಹೋಗುತ್ತದೆ. ಬಿಗಿಯಾಗದೆ ಬರಿದೇ ಸುತ್ತುತ್ತಿದ್ದರೆ ಫಿನ್ ಒಳಗಿನ ಮರೆ (ಥ್ರೆಡ್) ಸವೆದಿದೆ, ಆ ಫಿನ್ ಬದಲಿಸಬೇಕು. ಮೂರನ್ನೂ ಒಟ್ಟಿಗೆ ನೋಡಿ, ಉಳಿದೆರಡೂ ಅಷ್ಟೇ ಹಳೆಯವು.

ಹಿಂಗಾಲು

ಟೇಲ್ ಜಾರುವುದಕ್ಕೆ ಹೊಸಬರಲ್ಲಿ ಹೆಚ್ಚಿನ ಕಾರಣ ತೂಕ ಮುಂದಕ್ಕೆ ಹೋಗುವುದು. ಕಡಿದಾದ ಮೈಯಲ್ಲಿ ಮುಂಗಾಲಿನ ಮೇಲೆ ಬಿದ್ದರೆ ಟೇಲ್ ಎದ್ದು ಫಿನ್‌ಗಳು ನೀರು ಬಿಡುತ್ತವೆ, ಗಾಳಿಯಲ್ಲಿರುವ ಫಿನ್ ಏನನ್ನೂ ಹಿಡಿಯಲಾರದು. ಪರೀಕ್ಷೆ ಸುಲಭ: ಎಲ್ಲ ಫಿನ್ ಬಿಗಿ ಇದ್ದು, ಹಿಂಗಾಲು ಫಿನ್‌ಗಳ ಮೇಲಿದ್ದೂ ಜಾರುತ್ತಿದ್ದರೆ ಫಿನ್ ಚಿಕ್ಕದು. ಹಿಂಗಾಲು ಸರಿಸಿದೊಡನೆ ನಿಂತರೆ ತೊಂದರೆ ನಿಲುವಿನದು. ನೋಸ್ ನೀರಿಗೆ ಚುಚ್ಚುವುದಕ್ಕೂ ಫಿನ್‌ಗೂ ಸಂಬಂಧವಿಲ್ಲ, ಅದನ್ನು ಫಿನ್ ಬದಲಿಸಿ ಸರಿಮಾಡಲು ಹೋಗಬೇಡಿ.

ಇನ್ನೊಂದು ಮಾತು, ಫಿನ್ ಸಡಿಲಾಗುವುದಕ್ಕೆ ಕಾರಣ ಇದಿರಬಹುದು: ದಡದವರೆಗೂ ಬೋರ್ಡ್ ಮೇಲೆಯೇ ಬರುತ್ತೀರಾ? ಫಿನ್ ಮರಳಿಗೆ ತಾಗಿದಾಗ ನಿಮ್ಮ ಪೂರ್ತಿ ತೂಕ ಅದರ ಬುಡದ ಮೇಲೆ ಬೀಳುತ್ತದೆ. ಮಂಡಿಯ ಮಟ್ಟದ ನೀರಿನಲ್ಲೇ ಇಳಿದುಬಿಡಿ. ಇಳಿಯುವಾಗ ತಲೆ ಕೆಳಗಾಗಿ ಧುಮುಕದೆ, ಚಪ್ಪಟೆಯಾಗಿ, ಬೋರ್ಡಿನಿಂದ ದೂರಕ್ಕೆ ಬೀಳಿ. ಮೇಲೇಳುವಾಗ ಎರಡು ಕೈಯಿಂದ ತಲೆ ಮುಚ್ಚಿಕೊಂಡೇ ಏಳಿ, ಲೀಶ್‌ನ (ಬೋರ್ಡನ್ನು ಕಾಲಿಗೆ ಕಟ್ಟಿದ ಹಗ್ಗ) ಎಳೆತಕ್ಕೆ ಬೋರ್ಡ್ ಫಿನ್ ಸಮೇತ ನಿಮ್ಮ ಕಡೆಗೇ ಮರಳಿ ಬರುತ್ತಿರುತ್ತದೆ.