ಅಪ್‌ಡೇಟ್: ಬರ್ಲಿನ್‌ನಲ್ಲಿ 992 ಯೂರೋ ಸಾಕಾಗುತ್ತಾ ಅಂತ ಕೇಳಿದ್ದೆ

ಬ್ಲಾಕ್ಡ್ ಅಕೌಂಟ್‌ನಿಂದ (ಸ್ಟೂಡೆಂಟ್ ವೀಸಾಗೆ ಮೊದಲೇ ಹಣ ಇಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆ) ತಿಂಗಳಿಗೆ ಬರುವ 992 ಯೂರೋದಲ್ಲಿ ಬದುಕಬಹುದಾ, ಕೆಲಸಕ್ಕೆ ಸೇರಿದರೆ ಓದು ಕೆಡುತ್ತಾ ಅಂತ ಕೇಳಿದ್ದೆನಲ್ಲ. ಬದುಕಬಹುದು, ಆದರೆ ರೂಮ್ ಬಾಡಿಗೆಯೇ ಅರ್ಧಕ್ಕಿಂತ ಜಾಸ್ತಿ ನುಂಗುತ್ತೆ.

ಈಗ ಬೇಕರಿಯೊಂದರಲ್ಲಿ ಮಿನಿಜಾಬ್ (ಕಡಿಮೆ ಸಂಬಳದ ಪಾರ್ಟ್‌ಟೈಮ್ ಕೆಲಸ) ಸಿಕ್ಕಿದೆ, ವಾರಾಂತ್ಯ ಮಾತ್ರ. 2025ರಲ್ಲಿ ಇದರ ಸಂಪಾದನೆಯ ಮಿತಿ ತಿಂಗಳಿಗೆ 556 ಯೂರೋ ಇತ್ತು. ಸ್ಟೂಡೆಂಟ್ ಆರೋಗ್ಯ ವಿಮೆಯ ಕಂತು ಮಾತ್ರ ನಾವೇ ಕಟ್ಟಬೇಕು, ಅದನ್ನು ಮರೆಯಬೇಡಿ. ನಮ್ಮಂಥ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ನಾಲ್ಕು ಗಂಟೆಯ ಶಿಫ್ಟ್ ಅರ್ಧ ದಿನದ ಲೆಕ್ಕ. ಹಾಗಾಗಿ ಚಿಕ್ಕ ಶಿಫ್ಟ್‌ಗಳನ್ನೇ ಕೇಳಿ ಪಡೆದೆ.

ಸಂಜೆ ಉಳಿದ ರೈ ಬ್ರೆಡ್ ಮನೆಗೆ ತರಬಹುದು. ಕಲ್ಲಿನ ಹಾಗೆ ಗಟ್ಟಿ. ತವಾ ಮೇಲೆ ಬೆಣ್ಣೆ ಹಾಕಿ ಬಿಸಿ ಮಾಡಿ, ಅಮ್ಮ ಕೊಟ್ಟ ಚಟ್ನಿಪುಡಿ ಉದುರಿಸಿದರೆ ರಾತ್ರಿ ಊಟ ಆಯ್ತು!

ಪರೀಕ್ಷೆ ವಾರಗಳಿಗೆ ರಜೆ ಈಗಲೇ ಬರೆದುಕೊಟ್ಟಿದ್ದೇನೆ.