ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮನ ಕಾರಿನ ಇಂಟರ್‌ಲಾಕ್ ಯಂತ್ರ ಅವಧಿಗೆ ಮೊದಲೇ ತೆಗೆಸಬಹುದಾ?

ಮೇಳಿಗೆ ಅಕ್ಕ, ತೀರ್ಥಹಳ್ಳಿ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾನೆ, ಸಾಫ್ಟ್‌ವೇರ್ ಕೆಲಸ. ಎಚ್-1ಬಿ ವೀಸಾ. ಈ ವರ್ಷ ಯಾರದೋ ಮನೆ ಪಾರ್ಟಿ ಮುಗಿಸಿ ಕಾರು ಓಡಿಸಿಕೊಂಡು ಬರುವಾಗ ಪೊಲೀಸರು ನಿಲ್ಲಿಸಿ ಊದಿಸಿದರು. ಕುಡಿದಿದ್ದ. ಯಾರಿಗೂ ಪೆಟ್ಟಾಗಿಲ್ಲ, ದೇವರು ದೊಡ್ಡವನು. ಮೊದಲ ಸಲ ಆದ್ದರಿಂದ ದಂಡ, ಕುಡಿದು ಓಡಿಸಿದವರಿಗೆ ಮಾಡುವ ಕ್ಲಾಸು ಎಲ್ಲ ಆಗಿ, ಕಾರಿಗೆ ಒಂದು ಯಂತ್ರ ಕೂರಿಸಿದ್ದಾರೆ. ಅದಕ್ಕೆ ಊದದಿದ್ದರೆ ಕಾರು ಸ್ಟಾರ್ಟ್ ಆಗುವುದೇ ಇಲ್ಲವಂತೆ. ಒಟ್ಟು 6 ತಿಂಗಳು. ಇನ್ನೂ ಅರ್ಧದಷ್ಟು ಬಾಕಿ ಇದೆ.

ಇಲ್ಲಿ ಅಪ್ಪಯ್ಯ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಅದೇ ಹೊತ್ತಿಗೆ ಅಡಿಕೆ ಕೊಯ್ಲು ಬಂದಿದೆ. ಕೊನೆಗಾರರನ್ನು ಹಿಡಿಯುವುದು, ಸುಲಿಯುವವರನ್ನು ಸೇರಿಸುವುದು, ಬೇಯಿಸಿ ಒಣಗಿಸುವುದು ಎಲ್ಲ ನನ್ನ ಮೇಲೇ ಬಿದ್ದಿದೆ. ತಮ್ಮ ಎರಡು ಮೂರು ತಿಂಗಳು ಬಂದು ನಿಲ್ಲುತ್ತೇನೆ ಅನ್ನುತ್ತಾನೆ. ಹಾಗಾದರೆ ಕಾರು ಅಲ್ಲಿ ಸುಮ್ನೆ ನಿಂತಿರುತ್ತದೆ ಅಲ್ವಾ? ಯಂತ್ರಕ್ಕೆ ತಿಂಗಳು ತಿಂಗಳು ಬಾಡಿಗೆ ಯಾಕೆ ಕಟ್ಟಬೇಕು? ಮೊದಲೇ ತೆಗೆಸಿಬಿಟ್ಟು ಬರಬಹುದಾ? ಅವನಿಗೆ ಯಾರ ಹತ್ತಿರವೂ ಕೇಳಲು ನಾಚಿಕೆ. ಹಾಗಾಗಿ ನಾನೇ ಕೇಳುತ್ತಿದ್ದೇನೆ. ಗೊತ್ತಿರುವವರು ದಯವಿಟ್ಟು ಹೇಳಿ.

ಗಾಜನೂರು ಹುಡುಗ:

ಅಕ್ಕಾ, ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಎಷ್ಟೆಂದರೂ ಅದು ವೈರು ತಾನೇ. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಬೈಪಾಸ್ ಮಾಡಿಸಿ ಯಂತ್ರ ಬಿಚ್ಚಿ ಇಟ್ಟರೆ ಆಯಿತು. ವಾಪಸ್ ಹೋದ ಮೇಲೆ ಮತ್ತೆ ಹಾಕಿಸಲಿ.

ವೈರಿಂಗ್ ಕೆಲಸದವ, ಶಿವಮೊಗ್ಗ:

ಅಕ್ಕಾ, ಬೈಪಾಸ್ ಮಾತನ್ನು ತಮ್ಮನ ಕಿವಿಗೂ ಹಾಕಬೇಡಿ. ಗಾಜನೂರಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಅದು ಕ್ಯಾಲಿಫೋರ್ನಿಯಾದಲ್ಲಿ ಬೇರೆಯೇ ಅಪರಾಧ. 6 ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ. ಬಿಚ್ಚಿಕೊಟ್ಟ ಮೆಕ್ಯಾನಿಕ್‌ಗೂ ತಪ್ಪಿದ್ದಲ್ಲ. ಬೇರೆಯವರ ಬದಲು ಊದಿ ಕಾರು ಸ್ಟಾರ್ಟ್ ಮಾಡಿಕೊಟ್ಟವರೂ ಅದರಲ್ಲೇ ಬರುತ್ತಾರೆ.

ನಾನು ಈಗ ಇಲ್ಲಿ ಆಟೋ ಕಾಂಪ್ಲೆಕ್ಸ್‌ನಲ್ಲಿ ಕಾರ್ ವೈರಿಂಗ್ ಕೆಲಸ ಮಾಡುತ್ತೇನೆ. ಅದಕ್ಕೆ ಮೊದಲು ಹೆಂಡತಿಯ ಕೆಲಸದ ದೆಸೆಯಿಂದ ಸ್ಯಾಕ್ರಮೆಂಟೊ ಹತ್ತಿರ ಇದ್ದೆವು. ನನಗೂ ಕೆಲಸದ ಪರ್ಮಿಟ್ ಸಿಕ್ಕಿದ ಮೇಲೆ ಅಲ್ಲೊಂದು ವರ್ಕ್‌ಶಾಪ್‌ಗೆ ಸೇರಿದೆ. ಇದೇ ಯಂತ್ರ ಕೂರಿಸುವುದು, ತಪಾಸಣೆ ಮಾಡುವುದು, ಅವಧಿ ಮುಗಿದ ಮೇಲೆ ತೆಗೆಯುವುದು, ಇಷ್ಟೇ ನನ್ನ ಕೆಲಸ. ಹಾಗಾಗಿ ಇದರ ಒಳಹೊರಗು ಗೊತ್ತು.

ಸ್ಟೇರಿಂಗ್ ಕೆಳಗೆ ಮಲಗಿ, ಸ್ಟಾರ್ಟರ್‌ಗೆ ಹೋಗುವ ವೈರ್ ಕತ್ತರಿಸಿ, ನಡುವೆ ಯಂತ್ರದ ರಿಲೇ, ಅಂದರೆ ಕರೆಂಟ್ ಬಿಡುವ ತಡೆಯುವ ಸ್ವಿಚ್, ಸೇರಿಸುತ್ತೇವೆ. ಪ್ರತಿ ಜೋಡಣೆಯ ಮೇಲೂ ಗುರುತಿನ ಸೀಲ್ ಟೇಪ್ ಸುತ್ತುತ್ತೇವೆ. ಆ ಟೇಪನ್ನು ಒಮ್ಮೆ ಬಿಚ್ಚಿದರೆ ಮೊದಲಿನ ಹಾಗೆ ಕೂರುವುದಿಲ್ಲ. ಗಿರಾಕಿ ತಪಾಸಣೆಗೆ ಬಂದಾಗ ನಾವು ಮೊದಲು ಟಾರ್ಚ್ ಹಾಕಿ ನೋಡುವುದೇ ಆ ಸೀಲ್‌ಗಳನ್ನು. ಆಮೇಲೆ ಯಂತ್ರದ ನೆನಪಿನಲ್ಲಿರುವುದನ್ನೆಲ್ಲ ಕಂಪ್ಯೂಟರ್‌ಗೆ ಇಳಿಸುತ್ತೇವೆ. ಯಾವ ದಿನ ಎಷ್ಟು ಗಂಟೆಗೆ ಊದಿದ್ದು, ರೀಡಿಂಗ್ ಎಷ್ಟು ಬಂತು, ಓಡಿಸುವಾಗ ನಡುವೆ ಕೇಳಿದ ಪರೀಕ್ಷೆಗೆ ಊದಿದರಾ ಇಲ್ಲವಾ, ಬ್ಯಾಟರಿ ಕರೆಂಟ್ ಯಾವಾಗ ಹೋಯಿತು, ಎಲ್ಲ ಬರೆದಿರುತ್ತದೆ. ಕ್ಯಾಮೆರಾ ಇರುವ ಮಾಡೆಲ್ ಆದರೆ ಊದಿದವರ ಮುಖವೂ ಇರುತ್ತದೆ. ಕೊನೆಗೆ ಸಣ್ಣ ಸಿಲಿಂಡರ್‌ನಿಂದ ಅಳತೆ ಗೊತ್ತಿರುವ ಆಲ್ಕೋಹಾಲ್ ಗ್ಯಾಸ್ ಬಿಟ್ಟು, ಯಂತ್ರ ಸರಿಯಾಗಿ ಓದುತ್ತದಾ ಅಂತ ನೋಡಿ ಹೊಂದಿಸುತ್ತೇವೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾರು ನಿಂತಿರುತ್ತದೆ ಅನ್ನುವ ಕಾರಣಕ್ಕೆ ಮೊದಲೇ ತೆಗೆಸುವ ದಾರಿ ಇಲ್ಲ. ಅಲ್ಲಿ ಈಗಿನ ನಿಯಮ ಶುರುವಾದದ್ದು 2019ರ ಜನವರಿ 1ರಿಂದ. ಮೊದಲ ಸಲದವರು, ಯಾರಿಗೂ ಗಾಯ ಆಗಿಲ್ಲದಿದ್ದರೆ, ಸಾಮಾನ್ಯವಾಗಿ ಎರಡರಲ್ಲಿ ಒಂದು ಆರಿಸಿಕೊಳ್ಳಬಹುದು. 6 ತಿಂಗಳು ಯಂತ್ರ ಹಾಕಿಸಿಕೊಂಡು ಎಲ್ಲಿಗೆ ಬೇಕಾದರೂ ಓಡಿಸುವುದು, ಇಲ್ಲವೇ 12 ತಿಂಗಳು ಕೆಲಸಕ್ಕೆ ಮತ್ತು ಆ ಕ್ಲಾಸಿಗೆ ಮಾತ್ರ ಓಡಿಸುವುದು. ನಿಮ್ಮ ತಮ್ಮ ತಾನೇ ಯಂತ್ರ ಆರಿಸಿಕೊಂಡದ್ದಾ, ಇಲ್ಲ ಜಡ್ಜ್ ಆದೇಶ ಮಾಡಿದ್ದಾ ಅಂತ ಮೊದಲು ಕೇಳಿ. ಜಡ್ಜ್ ಆದೇಶ ಆಗಿದ್ದರೆ ಅದನ್ನು ಬದಲಿಸಬೇಕಾದವರೂ ಅದೇ ಕೋರ್ಟಿನವರು. ಅವನ ವಕೀಲರ ಮೂಲಕ ಅರ್ಜಿ ಹಾಕಬೇಕು. ವರ್ಕ್‌ಶಾಪ್‌ನವರಿಗಾಗಲಿ ಯಂತ್ರದ ಕಂಪನಿಗಾಗಲಿ ಆ ಅಧಿಕಾರ ಇಲ್ಲ. ತಾನೇ ಆರಿಸಿಕೊಂಡದ್ದಾದರೂ ಅಷ್ಟೇ. ಅವಧಿಗೆ ಮೊದಲು ತೆಗೆದರೆ ವರ್ಕ್‌ಶಾಪ್‌ನವರು ಡಿಎಂವಿಗೆ, ಅಂದರೆ ಅಲ್ಲಿನ ಆರ್‌ಟಿಒಗೆ, ತಿಳಿಸಲೇಬೇಕು. ಯಂತ್ರದ ಬಲದ ಮೇಲೆ ಸಿಕ್ಕಿದ ಲೈಸೆನ್ಸ್ ಯಂತ್ರ ಹೋದ ಕೂಡಲೇ ನಿಲ್ಲುತ್ತದೆ.

ಇನ್ನೊಂದು ವಿಷಯ. ಕನಿಷ್ಠ 60 ದಿನಕ್ಕೊಮ್ಮೆ ಆ ತಪಾಸಣೆ ಮಾಡಿಸಲೇಬೇಕು. ಮೂರು ಸಲ ತಪ್ಪಿಸಿದರೆ ಅದೂ ಡಿಎಂವಿಗೆ ಹೋಗುತ್ತದೆ. ದಿನ ದಾಟಿದರೆ ಯಂತ್ರವೇ ಬೀಗ ಹಾಕಿಕೊಳ್ಳುತ್ತದೆ. ಆಗ ಕಾರನ್ನು ಟೋ ಮಾಡಿಸಬೇಕು, ಇಲ್ಲವೇ ಕಂಪನಿಯಿಂದ ಕೋಡ್ ತರಿಸಬೇಕು. ಎರಡು ಮೂರು ತಿಂಗಳು ಊರಿಗೆ ಬಂದು ಕೂತರೆ ಅವನಿಗೆ ಆಗುವುದು ಇದೇ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ 6 ತಿಂಗಳು ಮುಗಿಸಿಯೇ ಅವನು ಹೊರಡಲಿ. ಒಂದು ದಿನ ನಮ್ಮ ವರ್ಕ್‌ಶಾಪ್‌ಗೆ ಒಬ್ಬರು ಬಂದು ಯಂತ್ರ ಕೆಟ್ಟಿದೆ ಅಂತ ಜೋರು ಮಾಡಿದರು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಹೊರಟರೆ ಕಾರು ಸ್ಟಾರ್ಟ್ ಆಗಲಿಲ್ಲವಂತೆ. ಹಿಂದಿನ ಸೀಟಿನಲ್ಲಿ ಆ ಮಗುವಿನ ಬೂಸ್ಟರ್ ಕುರ್ಚಿ ಹಾಗೇ ಇತ್ತು. ಗ್ಯಾಸ್ ಬಿಟ್ಟು ನೋಡಿದೆ, ಯಂತ್ರ ಸರಿಯಾಗೇ ಓದಿತು. ರಾತ್ರಿ ತಡವಾಗಿ ಕುಡಿದದ್ದು ಬೆಳಿಗ್ಗೆಯೂ ಮೈಯಲ್ಲಿತ್ತು. ರಕ್ತದ ಆಲ್ಕೋಹಾಲ್ ಅಂದಾಜು ಗಂಟೆಗೆ 0.015%ರ ಲೆಕ್ಕದಲ್ಲಿ ಇಳಿಯುತ್ತದೆ ಅನ್ನುತ್ತಾರೆ. ನಿದ್ದೆ ಮಾಡಿದ್ದರಿಂದ, ಕಾಫಿ ಕುಡಿದಿದ್ದರಿಂದ ಬೇಗ ಇಳಿಯುವುದಿಲ್ಲ. ಆ ಬೆಳಿಗ್ಗೆ ಅವರನ್ನು ತಡೆದದ್ದು ಆ ಯಂತ್ರ ಒಂದೇ. ಯಂತ್ರ ಕಾರಿನಲ್ಲಿ ಇರುವಷ್ಟು ಕಾಲ ಮತ್ತೆ ಕುಡಿದು ಓಡಿಸುವುದು ಸುಮಾರು 70% ಕಡಿಮೆಯಾಗುತ್ತದೆ ಅಂತ ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಆದರೆ ತೆಗೆದ ಮೇಲೆ ಆ ಫಲ ಉಳಿಯುವುದಿಲ್ಲ. ಅದಕ್ಕೇ ಹೇಳುವುದು, ಈ ತಿಂಗಳುಗಳಲ್ಲಿ ತಮ್ಮ ಕುಡಿದ ದಿನ ಕಾರು ಮುಟ್ಟದ ಅಭ್ಯಾಸ ಮಾಡಿಕೊಳ್ಳಲಿ. ಬಾಡಿಗೆ ದುಡ್ಡಿನ ಲೆಕ್ಕ ಹಾಕಬೇಡಿ.

ಸಾಗರದ ಸೊಸೆ, ಸ್ಯಾನ್ ಹೋಸೆ:

ಮೇಲಿನವರು ಯಂತ್ರದ ಬಗ್ಗೆ ಎಲ್ಲ ಹೇಳಿದ್ದಾರೆ. ನನಗೆ ಗಾಬರಿ ಆಗಿದ್ದು ನಿಮ್ಮ ಪ್ರಶ್ನೆಯಲ್ಲಿದ್ದ ಎಚ್-1ಬಿ ಅನ್ನುವ ಪದ ನೋಡಿ. ನಾನು ಇಲ್ಲಿ ವೀಸಾ ವಕೀಲರ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ಯಂತ್ರಕ್ಕಿಂತ ಮೊದಲು ಇದನ್ನು ವಿಚಾರಿಸಿ.

2015ರ ನವೆಂಬರ್‌ನಿಂದ ಅಮೆರಿಕದ ವಿದೇಶಾಂಗ ಇಲಾಖೆಯ ಕ್ರಮ ಹೀಗಿದೆ: ಕಳೆದ 5 ವರ್ಷದೊಳಗೆ ಕುಡಿದು ಓಡಿಸಿ ಬಂಧನವಾಗಿದ್ದರೆ ಪಾಸ್‌ಪೋರ್ಟ್‌ನಲ್ಲಿರುವ ವೀಸಾವನ್ನು ರದ್ದು ಮಾಡಬಹುದು. ಶಿಕ್ಷೆ ಆಗಬೇಕೆಂದಿಲ್ಲ, ಬಂಧನ ಆಗಿದ್ದರೆ ಸಾಕು. ವೀಸಾ ರದ್ದಾದರೂ ದೇಶದ ಒಳಗಿರುವವರ ವಾಸಕ್ಕೆ, ಕೆಲಸಕ್ಕೆ ತಕ್ಷಣ ತೊಂದರೆ ಇಲ್ಲ. ಹೊರಗೆ ಕಾಲಿಟ್ಟರೆ ಮಾತ್ರ ವಾಪಸ್ ಬರಲು ಹೊಸ ಸ್ಟ್ಯಾಂಪಿಂಗ್, ಅಂದರೆ ಪಾಸ್‌ಪೋರ್ಟ್‌ನಲ್ಲಿ ಹೊಸ ವೀಸಾ, ಬೇಕು. ಅರ್ಜಿಯಲ್ಲಿ ಬಂಧನದ ಬಗ್ಗೆ ಪ್ರಶ್ನೆ ಇದ್ದೇ ಇರುತ್ತದೆ, ಅಲ್ಲಿ ಸತ್ಯ ಬರೆಯಲೇಬೇಕು. ಆಮೇಲೆ ಕಾನ್ಸುಲೇಟ್ ಗೊತ್ತುಮಾಡಿದ ಡಾಕ್ಟರ ಹತ್ತಿರ ಕುಡಿತದ ಬಗ್ಗೆ ತಪಾಸಣೆಗೆ ಕಳಿಸುತ್ತಾರೆ. ಆ ವರದಿ ಬರುವ ತನಕ ವೀಸಾ ಕೊಡುವುದಿಲ್ಲ.

ಹೀಗೆ ಊರಿಗೆ ಹೋದವರು ಕಾನ್ಸುಲೇಟ್ ಇರುವ ಚೆನ್ನೈಗೂ ಊರಿಗೂ ಓಡಾಡುತ್ತಾ, ರಜೆ ಮುಗಿದರೂ ಬರಲಾಗದೆ, ಕೆಲಸದ ಚಿಂತೆಯಲ್ಲಿ ಕೂತದ್ದನ್ನು ಹತ್ತಿರದಿಂದ ನೋಡಿದ್ದೇನೆ. ಪಾಪ ಅನ್ನಿಸುತ್ತದೆ. ನಿಮ್ಮ ತಮ್ಮನಿಗೆ ವೀಸಾ ರದ್ದಾಗಿದೆ ಅನ್ನುವ ಇಮೇಲ್ ಬಂದಿದೆಯಾ ಅಂತ ಹುಡುಕಲು ಹೇಳಿ. ಎಷ್ಟೋ ಸಲ ಅದು ಹಳೆಯ ಇಮೇಲ್ ವಿಳಾಸಕ್ಕೆ ಬಂದು ಬಿದ್ದಿರುತ್ತದೆ. ಟಿಕೆಟ್ ತೆಗೆಯುವ ಮೊದಲು ವೀಸಾ ವಕೀಲರನ್ನು ಕಾಣಲಿ. ಡ್ರಂಕ್ ಡ್ರೈವಿಂಗ್ ಕೇಸಿನ ವಕೀಲರೇ ಬೇರೆ, ಇವರೇ ಬೇರೆ. ಕೋರ್ಟಿನ ಅಂತಿಮ ಆದೇಶ, ದಂಡ ಕಟ್ಟಿದ ರಸೀದಿ, ಕ್ಲಾಸ್ ಮುಗಿಸಿದ ಸರ್ಟಿಫಿಕೇಟ್, ಇಷ್ಟೂ ಕೈಯಲ್ಲಿರಬೇಕು. ಯಂತ್ರದ ಅವಧಿ ಚೆನ್ನಾಗಿ ಮುಗಿಸಿದ ಕಾಗದವೂ ಇದ್ದರೆ ಡಾಕ್ಟರ ಮುಂದೆ ತೋರಿಸಲು ಒಳ್ಳೆಯದು.

ಅಪ್ಪಯ್ಯ ಬೇಗ ಹುಷಾರಾಗಲಿ ಅಕ್ಕಾ.

ಮೇಳಿಗೆ ಅಕ್ಕ, ತೀರ್ಥಹಳ್ಳಿ:

ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಓದಿ ಕೈಕಾಲು ತಣ್ಣಗಾಯಿತು. ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ ಎರಡೂ ಉತ್ತರ ಓದಿ ಹೇಳಿದೆ. ಇಮೇಲ್ ಹುಡುಕಿದ. ಬಂದಿದೆ, ವೀಸಾ ರದ್ದಾಗಿದೆ. ಅವನು ಅದನ್ನು ತೆರೆದು ನೋಡಿಯೇ ಇರಲಿಲ್ಲ. ಸೋಮವಾರ ವಕೀಲರ ಹತ್ತಿರ ಹೋಗುತ್ತಾನೆ. ಯಂತ್ರ ಅವನೇ ಆರಿಸಿಕೊಂಡದ್ದಂತೆ, ಜಡ್ಜ್ ಆದೇಶ ಅಲ್ಲ. ಅವಧಿ ಮುಗಿಸಿಯೇ ಬರುತ್ತಾನೆ. ಕೊಯ್ಲಿಗೆ ಚಿಕ್ಕಪ್ಪನ ಮಗ ಕೊಪ್ಪದಿಂದ ಬಂದು ನಿಲ್ಲುತ್ತೇನೆ ಅಂದಿದ್ದಾನೆ, ಅದೊಂದು ಸಮಾಧಾನ.

ಅವನದು ಎರಡು ಪ್ರಶ್ನೆ ಇದೆ. ರೂಮ್‌ಮೇಟ್ ಆ ಕಾರು ಓಡಿಸಬಹುದಾ? ಒಂದು ದಿನ ಏನೂ ಕುಡಿಯದೆ ಯಂತ್ರ ಫೇಲ್ ಅಂತ ತೋರಿಸಿತಂತೆ, ಅದು ಕೇಸಿಗೆ ತೊಂದರೆಯಾ?

ಮತ್ತೆ, ಇಲ್ಲಿಗೆ ಬಂದಾಗ ಅಪ್ಪಯ್ಯನ ಕಾರು ಓಡಿಸಲು ಅವನ ಹಳೆಯ ಲೈಸೆನ್ಸ್ ಸಾಕಾ?

ತುಂಗಾ ತೀರದ ವಕೀಲ:

ಕೊನೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ಶಿವಮೊಗ್ಗದಲ್ಲಿ ಮಾಡಿಸಿದ ಭಾರತದ ಲೈಸೆನ್ಸ್ ಅವಧಿ ಇನ್ನೂ ಇದ್ದರೆ ಇಲ್ಲಿ ಓಡಿಸಬಹುದು. ದಿನಾಂಕ ನೋಡಿಕೊಳ್ಳಿ, ಮುಗಿದಿದ್ದರೆ ಮೊದಲು ನವೀಕರಣ. ನಮ್ಮ ಕಾನೂನಿನಲ್ಲಿ ಊದುವ ಯಂತ್ರ ಕೂರಿಸುವ ಶಿಕ್ಷೆ ಇಲ್ಲ. ಆದರೆ ಮಿತಿ ಅಲ್ಲಿಗಿಂತ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ 0.08%, ಅಂದರೆ 100 ಎಂಎಲ್ ರಕ್ತದಲ್ಲಿ 80 ಮಿಲಿಗ್ರಾಂ. ಇಲ್ಲಿ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 30 ಮಿಲಿಗ್ರಾಂ ದಾಟಿದರೆ ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸ್ ಅಮಾನತಾಗುವುದೂ ಇದೆ. ಅಲ್ಲಿ ಪಾಸಾಗುವ ಎರಡು ಪೆಗ್ ಇಲ್ಲಿ ಫೇಲ್ ಆಗಬಹುದು. ಮದುವೆ ಮನೆ, ದೇವರ ಕಾರ್ಯ ಅಂತ ಸ್ನೇಹಿತರು ಸೇರಿದಾಗ ಇದು ನೆನಪಿರಲಿ. ರಾತ್ರಿ ಮಂಜಿನಲ್ಲಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಏನೂ ಕುಡಿಯದವರಿಗೇ ಕಷ್ಟ. ಇದೇ ಹೊತ್ತಿನಲ್ಲಿ ಇಲ್ಲೊಂದು ಹೊಸ ಕೇಸಾದರೆ ವೀಸಾ ಆಸೆ ಬಿಡಬೇಕಾಗುತ್ತದೆ.

ವೈರಿಂಗ್ ಕೆಲಸದವ, ಶಿವಮೊಗ್ಗ:

ಇಮೇಲ್ ಸಿಕ್ಕಿದ್ದು ಒಳ್ಳೆಯದಾಯಿತು ಅಕ್ಕಾ. ಟಿಕೆಟ್ ತೆಗೆದ ಮೇಲೆ ಸಿಕ್ಕಿದ್ದರೆ ಏನು ಗತಿ.

ರೂಮ್‌ಮೇಟ್ ಓಡಿಸಬಹುದು, ಆದರೆ ಅವನೂ ಊದಲೇಬೇಕು. ಅವನು ಕುಡಿದು ಊದಿದರೂ ನಿಮ್ಮ ತಮ್ಮನ ಯಂತ್ರದ ದಾಖಲೆಯಲ್ಲೇ ಸೇರುತ್ತದೆ. ಆಮೇಲೆ ಊದಿದ್ದು ನಾನಲ್ಲ ಅಂತ ಸಾಬೀತು ಮಾಡುವುದು ತಲೆನೋವು. ನಾನಾಗಿದ್ದರೆ ಕೀಲಿ ಕೊಡುತ್ತಿರಲಿಲ್ಲ.

ಕುಡಿಯದೆ ಫೇಲ್ ಆಗುವುದು ಇದೆ. ಈ ಯಂತ್ರದಲ್ಲಿ ಫ್ಯೂಯಲ್ ಸೆಲ್ ಇರುತ್ತದೆ. ಉಸಿರಿನ ಆಲ್ಕೋಹಾಲ್ ಅದರೊಳಗಿನ ಪ್ಲಾಟಿನಂ ಮೇಲೆ ಬಿದ್ದಾಗ ಸಣ್ಣ ಕರೆಂಟ್ ಹುಟ್ಟುತ್ತದೆ, ಆ ಕರೆಂಟನ್ನು ಅಳೆಯುತ್ತಾರೆ. ಆ ಆಲ್ಕೋಹಾಲ್ ಹೊಟ್ಟೆಗೆ ಹೋದದ್ದಾ, ಬಾಯಲ್ಲೇ ಉಳಿದದ್ದಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್, ಕೈಗೆ ಹಚ್ಚುವ ಸ್ಯಾನಿಟೈಸರ್ ಎಲ್ಲ ಸಾಕು. ನಮ್ಮವರು ತಿಳಿದುಕೊಳ್ಳಬೇಕಾದದ್ದು ಹಲಸಿನ ಹಣ್ಣು. ಚೆನ್ನಾಗಿ ಕಳಿತ ತೊಳೆಯಲ್ಲಿ ಹುಳಿ ಬಂದು ಸ್ವಲ್ಪ ಆಲ್ಕೋಹಾಲ್ ಆಗಿರುತ್ತದೆ. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಹಲಸಿನ ಹಣ್ಣು ತಿಂದ ಡ್ರೈವರ್‌ಗಳು ಊದುವ ಪರೀಕ್ಷೆಯಲ್ಲಿ ಫೇಲ್ ಆಗಿದ್ದರು. ಹೀಗಾದಾಗ ಗಾಬರಿಯಿಂದ ಮನೆಯೊಳಗೆ ಓಡಬಾರದು. ನೀರಿನಿಂದ ಬಾಯಿ ಮುಕ್ಕಳಿಸಿ, ಯಂತ್ರ ಮತ್ತೆ ಕೇಳಿದಾಗ ಅಲ್ಲೇ ನಿಂತು ಊದಬೇಕು. ಬಾಯಲ್ಲಿದ್ದದ್ದು ಬೇಗ ಹೋಗುತ್ತದೆ, ಎರಡನೆಯ ರೀಡಿಂಗ್ ಸೊನ್ನೆಗೆ ಇಳಿಯುತ್ತದೆ. ಮೈಯಲ್ಲಿದ್ದದ್ದು ಹಾಗೆ ಇಳಿಯುವುದಿಲ್ಲ. ದಾಖಲೆ ಓದುವವರಿಗೆ ಈ ವ್ಯತ್ಯಾಸ ಕಾಣುತ್ತದೆ. ಆ ದಿನ ಏನು ತಿಂದ, ಯಾವ ಔಷಧಿ ಕುಡಿದ ಅಂತ ಬರೆದಿಟ್ಟುಕೊಂಡು ಮುಂದಿನ ತಪಾಸಣೆಗೆ ಹೋದಾಗ ತಾನಾಗಿಯೇ ಹೇಳಲಿ.

ಬ್ಯಾಟರಿ ಬಗ್ಗೆಯೂ ಹೇಳಿ. ಕಾರು ಆಫ್ ಇದ್ದರೂ ಯಂತ್ರ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಿರುತ್ತದೆ. ವಾರಗಟ್ಟಲೆ ನಿಲ್ಲಿಸಿದರೆ ಬ್ಯಾಟರಿ ಕೂರುತ್ತದೆ. ಬ್ಯಾಟರಿ ಬಿಚ್ಚುವುದಿದ್ದರೆ, ಸರ್ವೀಸ್‌ಗೆ ಬಿಡುವುದಿದ್ದರೆ, ಮೊದಲು ಯಂತ್ರದ ಕಂಪನಿಗೆ ಫೋನ್ ಮಾಡಬೇಕು. ಗ್ಯಾರೇಜ್ ರಸೀದಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕರೆಂಟ್ ಹೋದದ್ದನ್ನು ಕಿತ್ತು ಕೆದಕಿದ ಲೆಕ್ಕಕ್ಕೆ ಹಾಕುತ್ತಾರೆ.

ಕೊನೆಗೆ, 6 ತಿಂಗಳು ಆಯಿತು ಅಂತ ಕ್ಯಾಲೆಂಡರ್ ನೋಡಿ ತೆಗೆಸಲು ಹೋಗಬೇಡ ಅನ್ನಿ. ಅವನು ಎಣಿಸಿದ ದಿನಕ್ಕೂ ಡಿಎಂವಿ ಎಣಿಸಿದ ದಿನಕ್ಕೂ ವ್ಯತ್ಯಾಸ ಇರಬಹುದು. ಮೊದಲು ಡಿಎಂವಿಯಲ್ಲಿ ವಿಚಾರಿಸಿ, ಅವಧಿ ಮುಗಿದಿದೆ, ಬಾಕಿ ಏನೂ ಇಲ್ಲ ಅಂತ ಖಚಿತ ಮಾಡಿಕೊಳ್ಳಲಿ. ಆಮೇಲೆ ಕೂರಿಸಿದ ವರ್ಕ್‌ಶಾಪ್‌ನಲ್ಲೇ ತೆಗೆಸಲಿ. ಕತ್ತರಿಸಿದ ಸ್ಟಾರ್ಟರ್ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದ್ದರೆ ಒಪ್ಪಬಾರದು, ಬೆಸುಗೆ ಹಾಕಿಸಿ ಮುಚ್ಚಿಸಬೇಕು. ಹೊರಡುವ ಮೊದಲು ಅಲ್ಲೇ ಒಂದೆರಡು ಸಲ ಸ್ಟಾರ್ಟ್ ಮಾಡಿ ನೋಡಿ, ತೆಗೆದ ಪ್ರಮಾಣಪತ್ರ ಕೈಗೆ ತೆಗೆದುಕೊಳ್ಳಲಿ. ಅದರ ಒಂದು ಪ್ರತಿ ವೀಸಾ ಫೈಲ್‌ಗೂ ಸೇರಲಿ.